ಆರಡಿ ದಾರಿ ಬಿಡಿ

ಬೀದಿಗೂ ಫರ್ನಿಚರ್ ಇರುತ್ತದಂತೆ! ಈ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಾವು ನಕ್ಕುಬಿಟ್ಟೆವು. ನಮ್ಮ ಮನೆಗಳಲ್ಲೇ ಫರ್ನಿಚರ್ ಇರಲಿಲ್ಲ. ಒಂದು ತಗಡಿನ ಟ್ರಂಕು, ಎರಡು ಚಾಪೆ, ಗೋಡೆಯ ಮೊಳೆಯಲ್ಲಿ ಬಾಬಾಸಾಹೇಬರ ಪಟ. ಕುರ್ಚಿ ಎಂಬ ವಸ್ತುವನ್ನು ನಾವು ಮೊದಲು ಮುಟ್ಟಿದ್ದು ಶಾಲೆಯಲ್ಲಿ. ಅದೂ ಕೂರುವುದಕ್ಕಲ್ಲ, ಮೇಷ್ಟ್ರು ಬರುವ ಮುಂಚೆ ಒರೆಸಿಡುವುದಕ್ಕೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಫೀಸಿನ ಕಾಗದದಲ್ಲಿ ಇಂಗ್ಲಿಷು. ಈ ಮೂರನ್ನೂ ದಾಟಿ ಡಿಗ್ರಿ ಮುಗಿಸಿದ ಮೇಲೆ ಈ ಪದದ ಅರ್ಥ ಸಿಕ್ಕಿತು. ಬೀದಿಯಲ್ಲಿ ನೆಟ್ಟದ್ದು, ಇಟ್ಟದ್ದು, ಕಟ್ಟಿದ್ದು ಎಲ್ಲವೂ ಬೀದಿಯ ಫರ್ನಿಚರ್. ದೀಪದ ಕಂಬ, ಕರೆಂಟಿನ ಟ್ರಾನ್ಸ್‌ಫಾರ್ಮರು, ಬಸ್ ತಂಗುದಾಣ, ಕಲ್ಲುಬೆಂಚು, ಕಸದ ಡಬ್ಬಿ, ಕಬ್ಬಿಣದ ಕಟಕಟೆ, ನಾಮಫಲಕ, ನಲ್ಲಿ, ಬಾವುಟದ ಕಟ್ಟೆ.

ಪದ ಹೊಸದು. ಸಂಗತಿ ಹಳೆಯದು. ಗೆಳೆಯರೇ, ನಮ್ಮ ಹಳ್ಳಿಗಳಲ್ಲಿ ಬೀದಿಯ ಮೊದಲ ಫರ್ನಿಚರ್ ಯಾವುದು ಹೇಳಿ? ಅರಳಿಕಟ್ಟೆ. ಊರಿನ ನಡುವೆ, ನೆರಳಿನಲ್ಲಿ, ತಣ್ಣಗಿನ ಚಪ್ಪಡಿ ಹಾಸಿದ ಕಟ್ಟೆ. ನಮ್ಮ ತಾತಂದಿರು ಆ ಕಲ್ಲನ್ನು ಹೊತ್ತರು, ಆ ಮಣ್ಣನ್ನು ತುಂಬಿದರು. ಅದರ ಮೇಲೆ ಕೂರಲಿಲ್ಲ. ಎರಡನೆಯದು ಯಾವುದು? ಟೀ ಅಂಗಡಿಯ ಮುಂದಿನ ಮರದ ಬೆಂಚು. ನಮಗೆ ಬೇರೆ ಲೋಟ, ನಿಂತುಕೊಂಡೇ ಟೀ. ಆ ಬೆಂಚಿನ ಮೇಲೆ ಯಾವ ಬೋರ್ಡೂ ಇರಲಿಲ್ಲ. ಬೋರ್ಡು ಬೇಕಾಗಿಯೇ ಇರಲಿಲ್ಲ. ಯಾರು ಕೂರಬೇಕು, ಯಾರು ನಿಲ್ಲಬೇಕು, ಯಾರು ಎದುರಿಗೆ ಬಂದರೆ ಯಾರು ದಾರಿಯಿಂದ ಕೆಳಗಿಳಿಯಬೇಕು ಎಂಬುದನ್ನು ಕಾಲುಗಳಿಗೇ ಕಲಿಸಿಬಿಟ್ಟಿದ್ದರು.

ಇದೆಲ್ಲ ತಾತನ ಕಾಲದ ಕತೆ ಎನ್ನುವವರು 2022ರ ಸೆಪ್ಟೆಂಬರ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಊರ ದೇವತೆಯ ಉತ್ಸವ. ದೇವರಿಗೆ ಸೇರಿದ ಒಂದು ಕೋಲನ್ನು ನಮ್ಮ ಹುಡುಗನೊಬ್ಬ ಮುಟ್ಟಿದ. ಹದಿನೈದು ವರ್ಷದ ಕೂಸು. ಅದಕ್ಕೆ ಅರವತ್ತು ಸಾವಿರ ರೂಪಾಯಿ ದಂಡ, ಕಟ್ಟದಿದ್ದರೆ ಊರು ಬಿಡಬೇಕು ಎಂಬ ತೀರ್ಪು. ಇಡೀ ದೇಶ ಈ ಸುದ್ದಿ ಓದಿತು. ಆ ಮನೆಯವರು ದೇವರ ಪಟ ತೆಗೆದು ಬಾಬಾಸಾಹೇಬರ ಪಟ ಹಾಕಿಕೊಂಡರು. ಬೀದಿಯಲ್ಲಿರುವ ಒಂದು ಕೋಲು ಬರೀ ಕೋಲಲ್ಲ, ಅದು ಯಾರ ಬೀದಿ ಎಂದು ಹೇಳುವ ಗುರುತು ಎಂಬುದು ನಮಗೆ ಪುಸ್ತಕ ಓದಿ ಗೊತ್ತಾದದ್ದಲ್ಲ.

ಅದಕ್ಕೇ ನಾವು ಪೇಟೆಗೆ ಬಂದೆವು. ಹಳ್ಳಿಯನ್ನು ಹಾಡಿ ಹೊಗಳುವವರ ನಡುವೆ ಬಾಬಾಸಾಹೇಬರು ಹಳ್ಳಿಯ ಒಳಗಿನ ಕೊಳೆಯನ್ನು ಸಂವಿಧಾನ ಸಭೆಯಲ್ಲೇ ಬಿಚ್ಚಿಟ್ಟಿದ್ದರು. ಪೇಟೆಯಲ್ಲಿ ಯಾರೂ ಯಾರನ್ನೂ ಗುರುತು ಹಿಡಿಯುವುದಿಲ್ಲ. ಕೋಲಾರದ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ನಮ್ಮಪ್ಪ ಕೂತಿದ್ದ. ಪಕ್ಕದಲ್ಲಿ ಬಿಳಿ ಪಂಚೆಯ ಯಜಮಾನರೊಬ್ಬರು ಬಂದು ಕೂತರು. ನಮ್ಮಪ್ಪ ಅಭ್ಯಾಸಬಲದಿಂದ ಎದ್ದು ನಿಂತ. ಆ ಯಜಮಾನರಿಗೆ ಅರ್ಥವೇ ಆಗಲಿಲ್ಲ. 'ಕೂತ್ಕಳಪ್ಪ, ಬಸ್ಸು ಬರಾಕೆ ಇನ್ನೂ ಹೊತ್ತೈತೆ' ಅಂದರು. ನಮ್ಮಪ್ಪ ಕೂತ. ಅವನು ಯಾರೆಂದು ಗೊತ್ತಿದ್ದರೆ ಅವರು ಹಾಗೆ ಹೇಳುತ್ತಿದ್ದರೋ ಇಲ್ಲವೋ. ಆದರೆ ಬೆಂಚು ಅವನ ಜಾತಿ ಕೇಳಲಿಲ್ಲ. ನಮ್ಮಲ್ಲಿ ಹಲವರ ಮನೆಗಳಲ್ಲಿ ಇಂಥದೊಂದು ಕತೆ ಇದೆ. ಸಾರ್ವಜನಿಕ ಬೆಂಚು ಎನ್ನುವುದು ನಮಗೆ ಮೊದಲ ಸಮಾನ ಪೀಠ. ಫುಟ್‌ಪಾತು ನಮಗೆ ಯಾರಿಗೂ ಪಕ್ಕಕ್ಕೆ ಸರಿಯದೆ ನಡೆದ ಮೊದಲ ದಾರಿ.

ಸಂವಿಧಾನದ 15ನೇ ವಿಧಿ ಇದನ್ನು ಹೆಸರು ಹಿಡಿದೇ ಹೇಳುತ್ತದೆ. ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ, ಜನ ಸೇರುವ ಜಾಗಗಳನ್ನೂ ಸೇರಿಸಿ, ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎನ್ನುತ್ತದೆ. ಆ ಸಾಲಿನಲ್ಲಿ ರಸ್ತೆ ಯಾಕೆ ಬಂತು? ನಮ್ಮವರು ರಸ್ತೆಗಾಗಿ ಪೆಟ್ಟು ತಿಂದಿದ್ದರಿಂದ ಬಂತು. ಪೇಶ್ವೆಗಳ ಕಾಲದಲ್ಲಿ ಅಸ್ಪೃಶ್ಯರು ಹೆಜ್ಜೆಗುರುತು ಗುಡಿಸಲು ಸೊಂಟಕ್ಕೆ ಪೊರಕೆಯನ್ನೂ, ಉಗುಳಲು ಕೊರಳಿಗೆ ಮಡಕೆಯನ್ನೂ ಕಟ್ಟಿಕೊಂಡು ನಡೆಯಬೇಕಿದ್ದನ್ನು ಬಾಬಾಸಾಹೇಬರು 1936ರಲ್ಲೇ ಬರೆದರು. ಕೇರಳದ ವೈಕಂನಲ್ಲಿ 1924ರಲ್ಲಿ ಶುರುವಾದ ಸತ್ಯಾಗ್ರಹ ದೇವಸ್ಥಾನದ ಒಳಗೆ ಹೋಗುವುದಕ್ಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯುವುದಕ್ಕೆ. ಮುಂದಕ್ಕೆ ಬರಬೇಡಿ ಎನ್ನುವ ಫಲಕಗಳನ್ನು ಅಲ್ಲಿ ನೆಟ್ಟಿದ್ದರು. ಅದೂ ಬೀದಿಯ ಫರ್ನಿಚರೇ! ಇಪ್ಪತ್ತು ತಿಂಗಳ ಹೋರಾಟದ ಕೊನೆಗೆ, 1925ರಲ್ಲಿ, ಮೂರು ಕಡೆಯ ರಸ್ತೆ ಬಿಟ್ಟುಕೊಟ್ಟರು. ನಾಲ್ಕನೆಯದನ್ನು ಉಳಿಸಿಕೊಂಡರು.

ಈಗ ಆ ಫಲಕಗಳಿಲ್ಲ. ಹಾಗಾದರೆ ದಾರಿ ತೆರವಾಯಿತೇ? ಬನ್ನಿ, ನಡೆದು ನೋಡೋಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ಊರುಗಳಲ್ಲಿ ಒಂದರ ಕತೆ ಹೇಳುತ್ತೇವೆ. ಯಾವುದು ಎಂದು ಹೇಳುವುದಿಲ್ಲ. ಓದಿದವರು ನಮ್ಮೂರೇ ಅಂದುಕೊಂಡರೆ ಅದೂ ತಪ್ಪಲ್ಲ. ನಮ್ಮಲ್ಲೊಬ್ಬನ ಅಮ್ಮ ಬೆಳಗಿನ ಬಸ್ಸಿಗೆ ಸೊಪ್ಪಿನ ಪುಟ್ಟಿ ಹೊತ್ತು ಬರುತ್ತಾಳೆ. ಬಸ್ಸಿಳಿದು ಮಾರ್ಕೆಟ್ಟಿಗೆ ಕಾಲುನಡಿಗೆ. ಫುಟ್‌ಪಾತು ಹತ್ತಲು ಮೊಣಕಾಲೆತ್ತರದ ಮೆಟ್ಟಿಲು. ಯಾಕೆಂದರೆ ನಮ್ಮ ಪೇಟೆಗಳಲ್ಲಿ ಫುಟ್‌ಪಾತೆಂದರೆ ಬೇರೇನಲ್ಲ, ಮೋರಿಯ ಮುಚ್ಚಳ. ಹತ್ತಿದರೆ ಹತ್ತು ಹೆಜ್ಜೆಗೆ ಕರೆಂಟು ಕಂಬ. ಅದನ್ನು ಬಳಸಿದರೆ ಟ್ರಾನ್ಸ್‌ಫಾರ್ಮರಿನ ಬೇಲಿ. ಇಳಿಯಬೇಕು. ಮತ್ತೆ ಹತ್ತಿದರೆ ಬಟ್ಟೆ ಅಂಗಡಿಯ ಬೋರ್ಡು, ಅದರಾಚೆ ಕೇಬಲ್ಲಿನವರ ಡಬ್ಬಿ. ಮತ್ತೆ ಇಳಿಯಬೇಕು. ಆಮೇಲೆ ಲೀಡರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸು, ಅದನ್ನು ಎಳೆದು ಕಟ್ಟಿದ ಹಗ್ಗ ನೇರ ಪುಟ್ಟಿಯ ಎತ್ತರಕ್ಕೆ. ಅಷ್ಟು ದಾರಿಯಲ್ಲಿ ಅವಳು ಹನ್ನೊಂದು ಸಲ ರಸ್ತೆಗೆ ಇಳಿದಳು. ನಾವು ಹಿಂದೆ ನಡೆದು ಎಣಿಸಿದೆವು. ಟೊಮೊಟೊ ಲಾರಿ, ಮಾವಿನ ಟೆಂಪೊ, ಸ್ಕೂಲ್ ಬಸ್ಸು ಎಲ್ಲ ಆ ರಸ್ತೆಯಲ್ಲೇ.

ಹೋದ ಮಳೆಗಾಲದಲ್ಲಿ ಅಲುಗಾಡುವ ಚಪ್ಪಡಿಯೊಂದು ಅವಳ ಕಾಲ ಕೆಳಗೆ ಮಗುಚಿತು. ಮೋರಿಗೆ ಬಿದ್ದಳು. ಮಂಡಿ ಚಿಪ್ಪು ಒಡೆಯಿತು. ಎರಡು ತಿಂಗಳು ದುಡಿಮೆಯಿಲ್ಲ. ಅರ್ಜಿ ಹಿಡಿದು ಹೋದಾಗ ಮೇಜಿನ ಆಚೆಯವರು ಹೇಳಿದ ಮಾತು ಇಷ್ಟೆ: 'ನೋಡ್ಕೊಂಡು ನಡೀಬೇಕಮ್ಮ.' ಅವಳು ಹೊರಗೆ ಬಂದು ಮಗನಿಗೆ ಹೇಳಿದಳು: 'ದೊರೆಗಳು ಕಂಬಕ್ಕೆ ಜಾಗ ಮಾಡವ್ರೆ, ಬೋರ್ಡಿಗೆ ಜಾಗ ಮಾಡವ್ರೆ. ಕಾಲಿಗೆ ಮಾತ್ರ ಜಾಗ ಇಲ್ಲ ಕಣಪ್ಪ.'

ಯೋಚಿಸಿ ನೋಡಿ. ಹಳ್ಳಿಯಲ್ಲಿ ಯಜಮಾನ ಎದುರು ಬಂದರೆ ದಾರಿಯಿಂದ ಇಳಿಯಬೇಕಿತ್ತು. ಪೇಟೆಯಲ್ಲಿ ಕಂಬ ಎದುರು ಬಂದರೆ ಇಳಿಯಬೇಕು. ಕಂಬಕ್ಕೆ ಜಾತಿಯಿಲ್ಲ, ನಿಜ. ಕಾರಿನಲ್ಲಿ ಹೋಗುವವರು ಇಳಿಯುವುದಿಲ್ಲವಲ್ಲ! ಇಳಿಯುವವರು ಯಾರು? ನಡೆಯುವವರು. ನಡೆಯುವವರು ಯಾರು? ಗಾಡಿಯಿಲ್ಲದವರು, ಕೂಲಿಯವರು, ಹೂವು ಸೊಪ್ಪಿನ ಹೆಂಗಸರು, ಸರ್ಕಾರಿ ಶಾಲೆಯ ಮಕ್ಕಳು, ಕಣ್ಣು ಕಾಣದವರು, ಪೊರಕೆ ಹಿಡಿದ ಪೌರಕಾರ್ಮಿಕರು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 30ಕ್ಕೂ ಹೆಚ್ಚು, ರಾಜ್ಯದ ಜಿಲ್ಲೆಗಳಲ್ಲೇ ಅತಿ ಹೆಚ್ಚು. ಈ ಜಿಲ್ಲೆಯಲ್ಲಿ ಫುಟ್‌ಪಾತಿನ ಪ್ರಶ್ನೆ ಯಾರ ಪ್ರಶ್ನೆ ಎಂದು ಮತ್ತೆ ಕೇಳಬೇಕೇ?

ಇದು ಬರೀ ಅವಮಾನದ ಮಾತಲ್ಲ, ಪ್ರಾಣದ ಮಾತು. ಕೇಂದ್ರ ಸರ್ಕಾರದ್ದೇ ಲೆಕ್ಕದಂತೆ 2022ರ ಒಂದೇ ವರ್ಷ ಈ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಪತ್ರಿಕೆಯಲ್ಲಿ 'ರಸ್ತೆಗೆ ಅಡ್ಡ ಬಂದ ಪಾದಚಾರಿ' ಎಂದು ಬರೆಯುತ್ತಾರೆ. ಅಡ್ಡ ಬಂದದ್ದು ಯಾರು ಸ್ವಾಮಿ? ನಡೆಯುವ ದಾರಿಗೆ ಕಂಬ ಅಡ್ಡ ಬಂದದ್ದನ್ನು ಯಾವ ಪತ್ರಿಕೆ ಬರೆಯಿತು?

ಕಾನೂನು ಇಲ್ಲವೇ? ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಪಾದಚಾರಿಗಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿದೆ. ಐಆರ್‌ಸಿ 103 ಅದರ ಹೆಸರು. ನಡೆಯುವ ಪಟ್ಟಿ ಕನಿಷ್ಠ 1.8 ಮೀಟರ್ ಅಗಲ ಇರಬೇಕು, 2.2 ಮೀಟರ್ ಎತ್ತರದವರೆಗೆ ಏನೂ ಅಡ್ಡ ಬರಬಾರದು. ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಆರಡಿ ಅಗಲ, ಏಳಡಿ ಎತ್ತರ, ಅರ್ಧ ಅಡಿಯ ಮೆಟ್ಟಿಲು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು ಅಗಲ. ತಲೆಯ ಮೇಲೆ ಪುಟ್ಟಿ ಹೊತ್ತ ಹೆಂಗಸು ಬಗ್ಗದೆ ನಡೆಯುವಷ್ಟು ಎತ್ತರ. ಕಂಬ, ಮರ, ಬೆಂಚು, ಕಸದ ಡಬ್ಬಿ ಎಲ್ಲಕ್ಕೂ ಈ ಆರಡಿಯ ಹೊರಗೆ, ರಸ್ತೆಯ ಅಂಚಿಗೆ, ಒಂದೇ ಸಾಲಿನಲ್ಲಿ ಜಾಗ. ನಡೆಯಲು ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಮೇ 14ರಂದು ಸುಪ್ರೀಂ ಕೋರ್ಟೇ ಹೇಳಿದೆ.

ಹಾಗಾದರೂ ಕಂಬ ದಾರಿಯ ನಡುವೆ ಯಾಕೆ ನಿಲ್ಲುತ್ತದೆ? ಯಾರೋ ದ್ವೇಷದಿಂದ ನೆಟ್ಟದ್ದಲ್ಲ. ಕಂಬ ಕರೆಂಟಿನವರದು, ಡಬ್ಬಿ ಕೇಬಲ್ಲಿನವರದು, ಮೋರಿ ನಗರಸಭೆ ಪುರಸಭೆಯದು, ರಸ್ತೆ ಇನ್ನೊಂದು ಇಲಾಖೆಯದು, ಬ್ಯಾರಿಕೇಡು ಪೊಲೀಸರದು, ತಂಗುದಾಣದ ಮೇಲಿನ ಹೆಸರು ಅನುದಾನ ಕೊಟ್ಟ ಜನಪ್ರತಿನಿಧಿಯದು. ರಸ್ತೆ ಅಗಲ ಮಾಡಿದರು, ಅಂಚಿನಲ್ಲಿದ್ದ ಕಂಬ ನಡುವಿಗೆ ಬಂತು. ಅದನ್ನು ಕಿತ್ತು ನೆಡುವ ಖರ್ಚು ಯಾರದ್ದು ಎಂದು ಒಬ್ಬರ ಮುಖ ಒಬ್ಬರು ನೋಡಿದರು, ಕಂಬ ಅಲ್ಲೇ ಉಳಿಯಿತು. ಪ್ರತಿಯೊಬ್ಬರೂ ತಮ್ಮ ತಮ್ಮದನ್ನು ಬಿಟ್ಟಿ ಜಾಗದಲ್ಲಿ ನೆಡುತ್ತಾರೆ. ಆ ಬಿಟ್ಟಿ ಜಾಗವೇ ನಮ್ಮ ದಾರಿ. ಕಾರಿನ ದಾರಿಯ ನಡುವೆ ಯಾರಾದರೂ ಟ್ರಾನ್ಸ್‌ಫಾರ್ಮರು ಇಟ್ಟಾರೆಯೇ? ಇಟ್ಟರೆ ಮಾರನೆಯ ದಿನವೇ ಕ್ರೇನು ಬರುತ್ತದೆ. ದ್ವೇಷವಿಲ್ಲದೆಯೇ ತುಳಿಯುವುದು ಹೇಗೆ ಎಂಬುದನ್ನು ಈ ವ್ಯವಸ್ಥೆ ಚೆನ್ನಾಗಿ ಕಲಿತಿದೆ.

ಕ್ರೇನು ಬರುವುದೇ ಇಲ್ಲ ಎಂದಲ್ಲ. ಫುಟ್‌ಪಾತ್ ತೆರವು ಕಾರ್ಯಾಚರಣೆ ಎಂಬ ದೊಡ್ಡ ಹೆಸರಿನಲ್ಲಿ ಆಗಾಗ ಜೆಸಿಬಿ ಬರುತ್ತದೆ. ಏನನ್ನು ಎತ್ತುತ್ತದೆ? ಟ್ರಾನ್ಸ್‌ಫಾರ್ಮರನ್ನಲ್ಲ, ಲೀಡರ ಫ್ಲೆಕ್ಸನ್ನಲ್ಲ, ದೊಡ್ಡ ಅಂಗಡಿಯ ಮೆಟ್ಟಿಲನ್ನಲ್ಲ. ತಳ್ಳುಗಾಡಿಯನ್ನು, ಚಪ್ಪಲಿ ಹೊಲಿಯುವವನ ಪೆಟ್ಟಿಗೆಯನ್ನು, ಸೊಪ್ಪಿನವಳ ಪುಟ್ಟಿಯನ್ನು. ಪಾದಚಾರಿಗಳ ಹಿತಕ್ಕಾಗಿ ಅನ್ನುತ್ತಾರೆ. ಆ ಹೆಂಗಸು ಪಾದಚಾರಿಯಲ್ಲವೇ? ಕಾಲುನಡಿಗೆಯ ಹೆಸರಿನಲ್ಲಿ ಕಾಲುನಡಿಗೆಯವಳನ್ನೇ ಓಡಿಸುವ ಈ ಆಟಕ್ಕೆ ನಾವು ಸಾಕ್ಷಿಯಾಗಲಾರೆವು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸ್ಪಷ್ಟವಾಗಿದೆ. ಸಮೀಕ್ಷೆ ಮುಗಿಸಿ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು, ಪರಿಶಿಷ್ಟರಿಗೂ ಅಂಗವಿಕಲರಿಗೂ ಜಾಗ ಇರಬೇಕು. ನಿಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ? ಕೊನೆಯ ಸಭೆ ಯಾವಾಗ ನಡೆಯಿತು? ಕೇಳಿದ್ದೀರಾ?

ಆರಡಿ ದಾರಿ ಬಿಟ್ಟು, ಕಂಬ ಮರಗಳ ಸಾಲಿನಲ್ಲೇ ಸೊಪ್ಪಿನವಳಿಗೂ ಜಾಗ ಕೊಡಲು ಬರುತ್ತದೆ. ಅವಳು ಕೂತ ಬೀದಿಯಲ್ಲಿ ರಾತ್ರಿ ಎಂಟಕ್ಕೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಅಲ್ಲಿ ಕಣ್ಣುಗಳಿರುತ್ತವೆ, ದೀಪವಿರುತ್ತದೆ. ಮುಚ್ಚಿದ ಶಟರುಗಳ ಬೀದಿಯಲ್ಲಿ ಯಾರು ನಡೆಯುತ್ತಾರೆ?

ಇನ್ನು ಬೆಂಚಿನ ಮಾತು. ಲಂಡನ್ನಿನ ಕ್ಯಾಮ್ಡೆನ್ನಿನಲ್ಲಿ 2012ರಲ್ಲಿ ಕಾಂಕ್ರೀಟಿನ ಒಂದು ಬೆಂಚು ಮಾಡಿದರು. ಯಾರೂ ಮಲಗಬಾರದೆಂದು ಮೈಯೆಲ್ಲ ಓರೆ ಓರೆ. ಅದೇ ಬುದ್ಧಿ ನಮ್ಮ ಊರುಗಳಿಗೂ ಬಂದಿದೆ. ಬೆಂಚಿನ ನಡುವೆ ಕಬ್ಬಿಣದ ಕಂಬಿ, ಕಟ್ಟೆಯ ಮೇಲೆ ಚೂಪು ಕಲ್ಲು, ಪಾರ್ಕಿಗೆ ಬೀಗ. ವಾಕಿಂಗಿನವರಿಗೆ ಬೆಳಿಗ್ಗೆ ಸಂಜೆ ಬೀಗ ತೆಗೆಯುತ್ತಾರೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಕೂಲಿ ಸಿಗದೆ ಕೂತಿರುವವನಿಗೆ ಬೀಗ. ಹಳೆಯ ಅರಳಿಕಟ್ಟೆ ಹೊಸ ವೇಷದಲ್ಲಿ ಬಂದಿದೆ, ಅಷ್ಟೇ. ಇದೇ ಹೊರಗಿನ ಲೋಕದಲ್ಲಿ ಬೇರೆ ಬುದ್ಧಿಯೂ ಹುಟ್ಟಿದೆ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಕಣ್ಣು ಕಾಣದವರು ಕಾಲಿನಿಂದಲೇ ದಾರಿ ತಿಳಿಯುವಂಥ ಉಬ್ಬುಗಳ ಹಾಸು ಕಂಡುಹಿಡಿದ. 1967ರಲ್ಲಿ ಒಕಯಾಮಾ ಊರಿನಲ್ಲಿ ಅದನ್ನು ಹಾಕಿದರು. ಆ ಹಳದಿ ಹಾಸು ಈಗ ನಮ್ಮ ನಾಡಿನ ಪೇಟೆಗಳಿಗೂ ಬಂದಿದೆ. ಎಷ್ಟೋ ಕಡೆ ಅದು ನೇರ ಹೋಗಿ ಮುಗಿಯುವುದು ಕಂಬದ ಬುಡಕ್ಕೆ. ವಸ್ತು ತಂದರು, ಕರುಣೆ ತರಲಿಲ್ಲ.

ನಮ್ಮವರೇ ಕೆಲವರು ಕೇಳುತ್ತಾರೆ: ಭೂಮಿ ಇಲ್ಲ, ಕೆಲಸ ಇಲ್ಲ, ದೌರ್ಜನ್ಯ ನಿಂತಿಲ್ಲ, ನೀವು ಬೆಂಚು ಕಂಬದ ಲೆಕ್ಕ ಹಾಕುತ್ತೀರಲ್ಲ? ಈ ಅಣ್ಣಂದಿರಿಗೆ ನಮ್ಮ ಉತ್ತರ ಇಷ್ಟೆ. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಯಾರು? 1970ರ ದಶಕದಲ್ಲಿ ಪೌರಾಡಳಿತ ಖಾತೆ ಹಿಡಿದಿದ್ದ ನಮ್ಮ ಬಸವಲಿಂಗಪ್ಪನವರು. ಪುರಸಭೆ, ಮೋರಿ, ಕಕ್ಕಸು ಎಂದು ಮೂಗು ಮುಚ್ಚಿಕೊಳ್ಳುವ ಖಾತೆಯಲ್ಲೇ ಅವರು ಮನುಷ್ಯನ ಘನತೆಯನ್ನು ಕಂಡರು. ಅದೇ ಬಸವಲಿಂಗಪ್ಪನವರು 1973ರಲ್ಲಿ ಆಡಿದ ಬೂಸಾ ಮಾತಿನಿಂದ ನಮ್ಮ ಚಳವಳಿಗೆ ಕಿಡಿ ಬಿತ್ತು. ಮೋರಿಯ ಪ್ರಶ್ನೆ ಸಣ್ಣದೆಂದು ಅವರು ಅಂದುಕೊಂಡಿರಲಿಲ್ಲ. ನಾವು ಯಾಕೆ ಅಂದುಕೊಳ್ಳಬೇಕು?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಏಪ್ರಿಲ್ 14 ಬಂದರೆ ಫುಟ್‌ಪಾತಿಗೆ ಅಡ್ಡವಾಗಿ ನಾವೂ ಫ್ಲೆಕ್ಸು ಕಟ್ಟುತ್ತೇವೆ. ಬಾಬಾಸಾಹೇಬರ ಚಿತ್ರ ಒಂದು ಮೂಲೆಗೆ, ನಮ್ಮ ಮುಖಗಳು ಉಳಿದ ಜಾಗಕ್ಕೆ. ಅದರ ಪಕ್ಕದಲ್ಲಿ ನಮ್ಮಮ್ಮನೇ ರಸ್ತೆಗೆ ಇಳಿದು ನಡೆಯುತ್ತಾಳೆ. ದಾರಿಗಾಗಿ ಬದುಕು ಸವೆಸಿದವನ ಹೆಸರಲ್ಲಿ ದಾರಿ ಮುಚ್ಚುವುದು ಯಾವ ಭಕ್ತಿ? ಬಾವುಟ, ಬಣ್ಣ, ಪಟ ಇವೇ ದೊಡ್ಡದಾದಾಗ ಏನಾಗುತ್ತದೆಂದು ಕೋಲಾರದ ಕ್ಲಾಕ್ ಟವರಿನಲ್ಲಿ ನೋಡಿದೆವು. 2022ರ ಮಾರ್ಚಿನಲ್ಲಿ ಆ ಗೋಪುರದ ಬಣ್ಣ ಯಾವುದಿರಬೇಕು, ಅದರ ಮೇಲೆ ಯಾವ ಬಾವುಟ ಇರಬೇಕು ಎಂದು ರಾಜ್ಯವೇ ತಿರುಗಿ ನೋಡುವಷ್ಟು ಗದ್ದಲವಾಯಿತು. ಪೊಲೀಸ್ ಬಂದೋಬಸ್ತಿನಲ್ಲಿ ಬಣ್ಣ ಬದಲಾಯಿತು, ರಾಷ್ಟ್ರಧ್ವಜ ಹಾರಿತು. ಗೋಪುರದ ತುದಿಯನ್ನು ಎಲ್ಲರೂ ನೋಡಿದರು. ಅದರ ಬುಡದಲ್ಲಿ ನಡೆಯುವ ಹಿಂದೂ ಮುಸ್ಲಿಮ್ ಬಡವರ ಕಾಲುಗಳನ್ನು ನೋಡಿ ಎಂದು ಯಾರೂ ಕೂಗಲಿಲ್ಲ. ಮೇಲೆ ನೋಡಿಸುವುದು ಉಳ್ಳವರ ಹಳೆಯ ವಿದ್ಯೆ. ನಾವು ಕೆಳಗೆ ನೋಡಬೇಕು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ಸರ್ಕಾರಿ ಶಾಲೆ, ಮಾರುಕಟ್ಟೆ, ತಾಲ್ಲೂಕು ಕಚೇರಿ ಇವುಗಳ ನಡುವಿನ ದಾರಿಗಳಲ್ಲಿ ಮೊದಲು ಆರಡಿ ತೆರವಾಗಲಿ. ಕಂಬ, ಡಬ್ಬಿ, ಟ್ರಾನ್ಸ್‌ಫಾರ್ಮರು ಒಂದೇ ಸಾಲಿಗೆ ಸರಿಯಲಿ, ಖರ್ಚು ರಸ್ತೆ ಅಗಲ ಮಾಡಿದವರದು. ಚಪ್ಪಡಿಗಳು ಅಲುಗದಂತೆ ಕೂರಲಿ. ಇನ್ನೂರು ಹೆಜ್ಜೆಗೊಂದು ಬೆಂಚು ಬರಲಿ, ನೆರಳಿನಲ್ಲಿ, ಕಂಬಿಯಿಲ್ಲದೆ, ದಾನಿಯ ಹೆಸರಿಲ್ಲದೆ. ಕುಡಿಯುವ ನೀರಿನ ನಲ್ಲಿ, ಹೆಂಗಸರಿಗೆ ಬೀಗವಿಲ್ಲದ ಶೌಚಾಲಯ ಆ ಸಾಲಿನಲ್ಲೇ ಇರಲಿ. ವ್ಯಾಪಾರಿಗಳ ಸಮಿತಿ ಕಾಗದದಿಂದ ಎದ್ದು ಬೀದಿಗೆ ಬರಲಿ. ಈ ದಾರಿಯನ್ನು ದಿನಾ ಗುಡಿಸುವ ಪೌರಕಾರ್ಮಿಕರನ್ನು ಕೂರಿಸಿಕೊಂಡು ನಕ್ಷೆ ಬರೆಯಲಿ. ಯಾವ ಚಪ್ಪಡಿ ಎಲ್ಲಿ ಅಲುಗುತ್ತದೆಂದು ಅವರಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿಲ್ಲ.

ಸತ್ತವನಿಗೆ ಆರಡಿ ಮೂರಡಿ ಎನ್ನುವುದು ನಮ್ಮ ಕಡೆಯ ಮಾತು. ಎಷ್ಟೋ ಹಳ್ಳಿಗಳಲ್ಲಿ ನಮಗೆ ಅದಕ್ಕೂ ಜಾಗವಿಲ್ಲ, ಅದರ ಹೋರಾಟ ಬೇರೆಯೇ ನಡೆದಿದೆ. ಇಲ್ಲಿ ನಾವು ಕೇಳುತ್ತಿರುವುದು ಬದುಕಿರುವಾಗಿನ ಆರಡಿ.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಕೆಲಸ ಹೀಗೆ ಶುರುವಾಗಲಿ. ಸರಿಯಾಗಿ ಆರಡಿಯ ಒಂದು ಬಿದಿರು ಕೋಲು ತನ್ನಿ. ಇಬ್ಬರು ಎರಡು ತುದಿ ಹಿಡಿದು, ಅಡ್ಡಡ್ಡವಾಗಿ, ನಿಮ್ಮೂರ ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೆ ಫುಟ್‌ಪಾತಿನ ಮೇಲೆ ನಡೆಯಿರಿ. ಕೋಲು ಎಲ್ಲೆಲ್ಲಿ ತಗಲುತ್ತದೋ ಅಲ್ಲಲ್ಲಿ ಸುಣ್ಣದ ಗುರುತು ಹಾಕಿ, ತಗಲಿದ ವಸ್ತು ಯಾರದೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಣಿತದ ಪಾಠವೂ ಆಯಿತು, ಪೌರನೀತಿಯ ಪಾಠವೂ ಆಯಿತು. ಸೊಪ್ಪಿನವರನ್ನೂ ಗಾಡಿಯವರನ್ನೂ ಜೊತೆಗೆ ಕರೆಯಿರಿ, ಅವರ ಪುಟ್ಟಿಗೆ ಕೋಲು ತಗುಲಿದರೆ ಸರಿಸುವ ಜಾಗ ಎಲ್ಲಿ ಎಂದು ಅವರನ್ನೇ ಕೇಳಿ. ನಮ್ಮ ಫ್ಲೆಕ್ಸಿಗೆ ತಗುಲಿದರೆ ಅದನ್ನು ಮೊದಲು ಬಿಚ್ಚಿ. ಪಟ್ಟಿಯ ಒಂದು ಪ್ರತಿ ನಗರಸಭೆಗೆ ಅಥವಾ ಪುರಸಭೆಗೆ, ಒಂದು ಜಿಲ್ಲಾಧಿಕಾರಿಗೆ, ಸ್ವೀಕೃತಿ ಸೀಲು ಹಾಕಿಸಿಕೊಂಡು ಕೊಡಿ. ತಿಂಗಳು ಬಿಟ್ಟು ಅದೇ ಕೋಲು ಹಿಡಿದು ಮತ್ತೆ ನಡೆಯಿರಿ.

ಉಳ್ಳೇರಹಳ್ಳಿಯಲ್ಲಿ ನಮ್ಮ ಹುಡುಗ ಕೋಲು ಮುಟ್ಟಿದ್ದಕ್ಕೆ ದಂಡ ಹಾಕಿದರು. ಈ ಕೋಲನ್ನು ನಾವೇ ಕಡಿದು ತರುತ್ತೇವೆ, ನಾವೇ ಹಿಡಿಯುತ್ತೇವೆ, ಯಾರು ಬೇಕಾದರೂ ಮುಟ್ಟಬಹುದು. ಬರುವ ಭಾನುವಾರದಿಂದಲೇ ಶುರುಮಾಡಿ. ಸುಣ್ಣದ ಡಬ್ಬಿ ಮರೆಯಬೇಡಿ. ಜೈ ಭೀಮ್.